ಒಂದೇ ಬಟ್ಟಲು, ನಾಲ್ಕು ಮರ

ನಾಲ್ಕು ಬಟ್ಟಲುಗಳಿಗೂ ಒಂದೇ ಅಳತೆ. ಬಾಯಿ 8 ಇಂಚು, ಎತ್ತರ 3 ಇಂಚು, ಪಾದ ಬಾಯಿಯ ಮೂರನೇ ಒಂದು ಭಾಗಕ್ಕಿಂತ ಒಂಚೂರು ಕಮ್ಮಿ. ಹೊರಗಿನ ಬಾಗಿಗೆ ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಕತ್ತರಿಸಿಟ್ಟುಕೊಂಡಿದ್ದೆ. ಬೇರೆ ಇರುವುದು ಮರ ಮಾತ್ರ: ಮಾವು, ಮಳೆಮರ, ಹಳೇ ಸಾಗುವಾನಿ, ಹಲಸು. ಯಾವುದು ಚೆಂದ ಅಂತ ಒಂದು ವರ್ಷ ನನ್ನ ಜೊತೆ ನಾನೇ ಜಗಳ ಆಡಿದ್ದೇನೆ.

ಮನೆ ಇರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಮೂರನೇ ಮಹಡಿ. ಅಲ್ಲಿ ಲೇತ್, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರ, ಇಟ್ಟರೆ ಸೊಸೈಟಿ ಸೆಕ್ರೆಟರಿ ಬಾಗಿಲು ಬಡಿಯುತ್ತಾರೆ. ವಸಾಯಿಯಲ್ಲಿ ಚಿಕ್ಕಪ್ಪನದೊಂದು ಗಾಲಾ, ಅಂದರೆ ಸಣ್ಣ ವರ್ಕ್‌ಶಾಪ್, ಇದೆ. ಭಾನುವಾರ ಅವರ ಕೆಲಸ ಬಂದ್. ದಿವಾದಿಂದ ವಸಾಯಿ ಗಾಡಿ ಹತ್ತಿ ಹೋಗಿ, ಸಂಜೆ ತಲೆ ತುಂಬ ಮರದ ಹೊಟ್ಟು ತುಂಬಿಕೊಂಡು ವಾಪಸ್ ಬರುತ್ತೇನೆ.

ಮೊದಲು ಸಿಕ್ಕಿದ್ದು ಮಾವು. ಜೂನ್ ಗಾಳಿಗೆ ನಮ್ಮ ಕಾಂಪೌಂಡಿನಲ್ಲೇ ದಪ್ಪ ಕೊಂಬೆ ಬಿತ್ತು. ಗಾಲಾ ಮುಟ್ಟುವಷ್ಟರಲ್ಲಿ ಎರಡು ವಾರ ಮಳೆಯಲ್ಲಿ ನೆನೆದಿತ್ತು, ತುದಿಗಳು ನೀಲಿ-ಕಪ್ಪಗಾಗಿದ್ದವು. ಹಸಿ ಮರವನ್ನು ಒಂದೇ ಸಲಕ್ಕೆ ತೆಳ್ಳಗೆ ಕಡೆಯಬಾರದು. ಬಾಯಿಯ ಅಗಲದ ಹತ್ತನೇ ಒಂದು ಭಾಗದಷ್ಟು ಗೋಡೆ ದಪ್ಪ ಬಿಟ್ಟು, ಅದರದ್ದೇ ಹೊಟ್ಟಿನ ಜೊತೆ ಕಾಗದದ ಚೀಲದಲ್ಲಿ ಒಣಗಲು ಇಡಬೇಕು. ಮುಂಬೈ ಮಳೆಗಾಲದಲ್ಲಿ ಏನು ಒಣಗುತ್ತೆ ಹೇಳಿ? ಫೆಬ್ರವರಿಯಲ್ಲಿ ತೆಗೆದಾಗ ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಮರ ತನ್ನ ಬೆಳವಣಿಗೆಯ ಬಳೆಗಳ ಗುಂಟ ಕುಗ್ಗುವಷ್ಟು ನಡುವಿನ ಕಡೆಗೆ ಕುಗ್ಗುವುದಿಲ್ಲ, ಸುಮಾರು ಅರ್ಧದಷ್ಟೇ. ಅದಕ್ಕೇ ಈ ಸೊಟ್ಟ. ಮತ್ತೆ ಲೇತಿಗೆ ಏರಿಸಿ ದುಂಡಗೆ ಮಾಡಿದೆ.

ಆಗ ಒಳಗೆ ಕಂಡದ್ದು ಶಾಯಿ ಪೆನ್ನಿನಲ್ಲಿ ಎಳೆದಂಥ ಕಪ್ಪು ಗೆರೆಗಳು. ಬೂಸ್ಟಿನ ಒಂದು ಗುಂಪು ಇನ್ನೊಂದರ ವಿರುದ್ಧ ಹಾಕಿಕೊಂಡ ಬೇಲಿ ಅದು. ನೋಡಲು ನಕಾಶೆ ತರ, ಬಹಳ ಚೆಂದ. ಆದರೆ ಬೂಸ್ಟು ಉಂಡು ಬಿಟ್ಟ ಜಾಗ ಮೆತ್ತಗೆ. ಬಟ್ಟಲು ಒಂದು ಸುತ್ತು ತಿರುಗುವಾಗ ಉಳಿಗೆ ಎರಡು ಸಲ ಅಡ್ಡ ಎಳೆ ಎದುರಾಗುತ್ತದೆ. ಆ ಎರಡು ಕಡೆ ಮಾವು ಕಿತ್ತುಕೊಂಡು ಬಂತು. ಮಾರ್ಚಿನಲ್ಲಿ ಶೋಕೇಸಿನ ಗಾಜಿನ ಮೇಲೆ ಗೋಧಿಹಿಟ್ಟಿನಂಥ ಪುಡಿ. ಕುಟ್ಟೆ! ಈಗ ಅದು ಪ್ಲಾಸ್ಟಿಕ್ ಚೀಲದಲ್ಲಿ ಬಾಲ್ಕನಿಯಲ್ಲಿದೆ.

ಮಳೆಮರದ ಕತೆ ಪೂರ್ತಿ ಉಲ್ಟಾ. ಈ ಮರ ನಮ್ಮದಲ್ಲ, ಅಮೆರಿಕದ ಉಷ್ಣವಲಯದ್ದು. ಮುಂಬೈ ರಸ್ತೆಗಳಿಗೆ ಕೊಡೆ ಹಿಡಿದು ನಿಂತು ನಮ್ಮದೇ ಆಗಿಬಿಟ್ಟಿದೆ. ಹಿಟ್ಟುತಿಗಣೆ ಹತ್ತಿ ಎಷ್ಟೋ ಮರಗಳು ಒಣಗಿದವು. ನಿಂತ ಮರವನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ, ಮಹಾರಾಷ್ಟ್ರದಲ್ಲಿ 1975ರ ಕಾಯ್ದೆ ಇದೆ, ಅನುಮತಿ ಬೇಕು. ನನ್ನ ತುಂಡು ಸಾ ಮಿಲ್ಲಿನಿಂದ ಬಂದದ್ದು. ಕೆಚ್ಚು ಚಾಕಲೇಟ್ ಬಣ್ಣ, ಹೊರಗಿನ ಭಾಗ ಕೆನೆ ಬಣ್ಣ. ತುಂಡನ್ನು ಒಂಚೂರು ವಾಲಿಸಿ ಹಿಡಿದರೆ ಬಾಯಂಚಿನಲ್ಲಿ ಒಂದು ಕಡೆ ಬಿದಿಗೆ ಚಂದ್ರನಂತೆ ಬಿಳಿ ಉಳಿಯುತ್ತದೆ. ಈ ಮರ ಒಣಗುವಾಗ ಕುಗ್ಗುವುದು ತೀರಾ ಕಮ್ಮಿ. ಹಸಿ ಇದ್ದಾಗಲೇ ಒಂದು ಭಾನುವಾರದಲ್ಲಿ ಕಡೆದು ಮುಗಿಸಿದೆ. ಎರಡು ತಿಂಗಳಾದ ಮೇಲೂ ಮೇಜಿನ ಮೇಲೆ ಅಲುಗಾಡಲಿಲ್ಲ. ಧೂಳು ಮಾತ್ರ ಮಹಾ ಕಾಟ. ಮಾಸ್ಕ್ ಮರೆತ ದಿನ ರಾತ್ರಿಯಿಡೀ ಸೀನಿದ್ದೇನೆ.

ಮನೆಗೆ ಬಂದವರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ನಾನೂ ಎರಡು ವಾರ ಬೀಗಿದೆ. ಒಂದು ರಾತ್ರಿ ದೀಪ ಆರಿಸಿ ಕಿಟಕಿ ಮುಚ್ಚಲು ಹೋದಾಗ ಸುಮ್ನೆ ಹೊರಮೈ ಸವರಿದೆ. ಪಾದದಿಂದ ಎರಡು ಬೆರಳು ಮೇಲೆ ಬಾಗು ನಿಂತುಬಿಟ್ಟಿದೆ! ಅಲ್ಲೊಂದು ಚಪ್ಪಟೆ ಪಟ್ಟಿ. ಪಾಲಿಶ್ ಪೇಪರ್ ಹೊಡೆಯುವ ಉತ್ಸಾಹದಲ್ಲಿ ನಾನೇ ಸವೆಸಿದ್ದು, ಆಮೇಲೆ ಅಚ್ಚು ಹಿಡಿದು ನೋಡಿರಲೇ ಇಲ್ಲ. ಕಣ್ಣು ಬಣ್ಣದ ಹಿಂದೆ ಹೋಗಿತ್ತು, ತಪ್ಪು ಕಂಡಿರಲಿಲ್ಲ.

ಸಾಗುವಾನಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೋಗೇಶ್ವರಿಯ ಓಶಿವಾರಾದಲ್ಲಿ ಹಳೇ ತೊಲೆಯ ತುಂಡು ಕೊಂಡೆ. ಸಾಗುವಾನಿಯ ಒಳಗೆ ಮರಳಿನ ಅಂಶ ಇರುತ್ತದೆ, ಉಳಿ ಹತ್ತು ನಿಮಿಷಕ್ಕೆ ಮೊಂಡು. ಒಂದು ಮುರಿದ ಮೊಳೆಯೂ ಸಿಕ್ಕಿತು. ವಾಸನೆಗೆ ಮಾತ್ರ ನೂರಕ್ಕೆ ನೂರು. ತಳದಲ್ಲಿ ಬಳೆಗಳು ಒಂದರೊಳಗೊಂದು ಕೂತು ಕಣ್ಣಿನ ಹಾಗೆ ಕಾಣಬೇಕಿತ್ತು. ತೊಲೆಯನ್ನು ಓರೆ ಕೊಯ್ದಿದ್ದರು, ಹಾಗಾಗಿ ಆ ಕಣ್ಣು ಅರ್ಧ ಇಂಚು ಪಕ್ಕಕ್ಕೆ ಜರುಗಿದೆ. ಸಾಗುವಾನಿಯ ಗೆರೆ ಗಾಢ, ಮುಚ್ಚಲೂ ಆಗದು. ಮೆಳ್ಳೆಗಣ್ಣಿನ ಬಟ್ಟಲು.

ಹಲಸು ಕುಂದಾಪುರದ ಮನೆಯ ಅಟ್ಟದಿಂದ ಬಂದದ್ದು. ಹಿತ್ತಿಲಿನ ಮರ ಕಡಿಸಿ ನಾಲ್ಕು ವರ್ಷ ಆಗಿತ್ತು, ಚೆನ್ನಾಗಿ ಒಣಗಿತ್ತು. ಮತ್ಸ್ಯಗಂಧ ಗಾಡಿಯಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಠಾಣೆಯಲ್ಲಿ ಇಳಿಸಿದೆ. ಉಳಿ ತಾಗಿಸಿದ ಕೂಡಲೇ ಅರಿಸಿನ ಬಣ್ಣದ ಉದ್ದುದ್ದ ಸುರುಳಿ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಬರುತ್ತಿದ್ದುದು ಇದೇ ಕೆಚ್ಚಿನಿಂದ. ಆದರೆ ಎಳೆಯಲ್ಲಿ ಅಂಥ ಆಟ ಏನಿಲ್ಲ. ಸಣ್ಣ ಸಣ್ಣ ಗೀರು, ಒಂದೇ ಸಮ ಹಳದಿ. ತಪ್ಪು ಮಾಡಿದರೆ ಅಡಗಿಸಲು ಜಾಗ ಇಲ್ಲ. ಬಾಯಂಚಿನ ಹತ್ತಿರ ಗೋಡೆ ಒಂದು ಕಡೆ ದಪ್ಪ ಇದ್ದದ್ದು ಕೂಡಲೇ ಕಂಡಿತು. ತಿರುಗಿ ಲೇತಿಗೆ ಹಾಕಿ, ಅಂಚಿನಿಂದ ಒಳಕ್ಕೆ ಉಳಿ ಎಳೆಯುತ್ತಾ 7 ಮಿಲಿಮೀಟರ್ ಇದ್ದದ್ದನ್ನು 5ಕ್ಕೆ ಇಳಿಸಿದೆ. ಬೆರಳಿನಿಂದ ಹೊಡೆದರೆ ಈಗ ಟಣ್ ಅನ್ನುತ್ತದೆ. ವೀಣೆ, ಮೃದಂಗ ಮಾಡುವವರು ಈ ಮರವನ್ನೇ ಹುಡುಕುವುದು ಸುಮ್ನೆ ಅಲ್ಲ.

ಊರಿಂದ ಅಮ್ಮ ಬಂದಾಗ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮಾವನ್ನು ಅವತ್ತಿಗೆ ಚೀಲದಿಂದ ಬಿಡಿಸಿದ್ದೆ. ಮಳೆಮರದ್ದನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಎಂತ ಹಾಕೂದು ಮಾರಾಯಾ?" ಅಂದರು. ಏನೂ ಹಾಕುವುದಿಲ್ಲ, ನೋಡಲಿಕ್ಕೆ ಅಂದೆ. ಅವರಿಗೆ ಅದು ಒಪ್ಪಿಗೆ ಆಗಲಿಲ್ಲ. ಹಲಸಿನದ್ದನ್ನು ಎತ್ತಿ ಎರಡೂ ಅಂಗೈಯಲ್ಲಿ ಕೂರಿಸಿಕೊಂಡು, "ನಮ್ಮ ಮನೆ ಮರಿಗೆ ನೆನಪಾಯ್ತು" (ಮರಿಗೆ ಅಂದರೆ ಮರದ ಪಾತ್ರೆ) ಎಂದು ಪಕ್ಕಕ್ಕೆ ಇಡದೆ ಮಾತಾಡುತ್ತಾ ಕುಳಿತರು.

ನಾಲ್ಕರಲ್ಲಿ ಒಂದನ್ನು ಉಡುಗೊರೆ ಕೊಡಬೇಕಾದರೆ ಮಳೆಮರವನ್ನು ಕೊಡುತ್ತೇನೆ, ಪಡೆದವರು ಖಂಡಿತ ಹೊಗಳುತ್ತಾರೆ. ಕಲಿಯುವವರಿಗೆ ಹಲಸು. ಮಾವನ್ನು ಬೇಸಿಗೆಯಲ್ಲಿ ಕಡಿದ ಮರ ಸಿಕ್ಕರೆ ಇನ್ನೊಮ್ಮೆ ನೋಡುವೆ. ಸಾಗುವಾನಿ ಬಾಗಿಲಿಗೇ ಇರಲಿ.

ಹಲಸಿನ ಬಟ್ಟಲು ಈಗ ಕಿಟಕಿಯ ಹತ್ತಿರ ಇದೆ. ಬೆಳಕು ಬಿದ್ದ ಕಡೆ ಅರಿಸಿನ ಬಣ್ಣ ಜೇನಿನ ಬಣ್ಣಕ್ಕೆ ತಿರುಗುತ್ತಿದೆ, ಇನ್ನೊಂದು ಕಡೆ ಹಿಂದೆ ಬಿದ್ದಿದೆ. ಅದಕ್ಕೆ ವಾರಕ್ಕೊಮ್ಮೆ, ವಸಾಯಿಗೆ ಹೊರಡುವ ಮುಂಚೆ, ಕಾಲು ಸುತ್ತು ತಿರುಗಿಸಿ ಹೋಗುತ್ತೇನೆ.