ಹೊರಕ್ಕೆ ಜಾರುವ ಕಣ್ಣು: ಎರಡೂ ಕಣ್ಣಿಗೆ ಆಪರೇಷನ್ನೋ, ಒಂದಕ್ಕೇ ಸಾಕೋ?

ಮಂಡ್ಯ ಕಡೆ ಮೆಳ್ಳೆಗಣ್ಣು ಅದೃಷ್ಟ ಅನ್ನುವವರು ಇನ್ನೂ ಇದ್ದಾರೆ. ದಯವಿಟ್ಟು ಆ ಮಾತು ನಂಬಿ ಕಾಯಬೇಡಿ. ಮಗು ಬಿಸಿಲಲ್ಲಿ ಒಂದು ಕಣ್ಣು ಮುಚ್ಚುತ್ತಿದ್ದರೆ, ದೂರ ನೋಡುವಾಗ ಕಣ್ಣು ಹೊರಕ್ಕೆ ಜಾರುತ್ತಿದ್ದರೆ ತೋರಿಸಿ. ಕನ್ನಡಕ ಬೇಕಿದ್ದರೆ ಮೊದಲು ಅದು.

ಆಪರೇಷನ್ ಅಂತಾದರೆ ಮುಖ್ಯವಾಗಿ ಎರಡು ದಾರಿ. ಮೊದಲನೆಯದರಲ್ಲಿ ಎರಡೂ ಕಣ್ಣಿನ ಹೊರಬದಿ ಸ್ನಾಯು ಬಿಡಿಸಿ, ಹಿಂದಕ್ಕೆ ಹೊಲಿಯುತ್ತಾರೆ: 25 ಪ್ರಿಸಂ (ಕಣ್ಣಿನ ಓರೆ ಅಳೆಯುವ ಮಾನ) ಓರೆಗೆ ತಲಾ ಸುಮಾರು 6 ಮಿ.ಮೀ. ಎರಡನೆಯದರಲ್ಲಿ ಒಂದೇ ಕಣ್ಣು. ಹೊರ ಸ್ನಾಯು 6 ಮಿ.ಮೀ. ಹಿಂದಕ್ಕೆ, ಒಳ ಸ್ನಾಯು 5 ಮಿ.ಮೀ. ಕತ್ತರಿಸಿ ಬಿಗಿ.

ಒಂದು ಕಣ್ಣಿನ ದೃಷ್ಟಿ ಮಂದವಿದ್ದರೆ ಎರಡನೆಯದೇ ಸರಿ, ಚೆನ್ನಾಗಿರುವ ಕಣ್ಣು ಮುಟ್ಟಬೇಕಿಲ್ಲ. ಓರೆ ದೂರದಲ್ಲೇ ಜಾಸ್ತಿ ಇದ್ದರೆ ಹಲವರು ಮೊದಲನೆಯದನ್ನು ಆರಿಸುತ್ತಾರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, 3ರಿಂದ 10 ವರ್ಷದ ಮಕ್ಕಳಲ್ಲಿ, ಮೂರು ವರ್ಷದೊಳಗೆ ಫಲ ಸಾಲದೆ ಹೋದದ್ದು ಮೊದಲನೆಯದರಲ್ಲಿ ಶೇ. 46, ಎರಡನೆಯದರಲ್ಲಿ ಶೇ. 37. ಈ ಅಂತರ ಆಕಸ್ಮಿಕವೂ ಇರಬಹುದು. ಕಣ್ಣು ಮತ್ತೆ ಜಾರುವ ಸಾಧ್ಯತೆ ಮಾತ್ರ ಎರಡರಲ್ಲೂ ಇದೆ.

ಮೊದಲ ದಿನಗಳಲ್ಲಿ ಕಣ್ಣು ತುಸು ಒಳಕ್ಕೆ ತಿರುಗಿ, ಎರಡೆರಡು ಕಂಡರೆ ಗಾಬರಿ ಬೇಡ. ವಾರಗಟ್ಟಲೆ ಹಾಗೇ ಉಳಿದರೆ ತಡಮಾಡದೆ ಹೋಗಿ. ಪುಟ್ಟ ಮಕ್ಕಳಲ್ಲಿ ಆ ಕಣ್ಣಿನ ದೃಷ್ಟಿಯೇ ಮಂದವಾಗಬಹುದು.