ಕುಕಿ ಎಗ್‌ಲೆಸ್ ಅಂದ್ರ ಸಾಲಂಗಿಲ್ರಿ, ಮ್ಯಾಲಿನ ಐಸಿಂಗ್‌ನಾಗ ಏನೈತಿ ಕೇಳ್ರಿ

ಬರ್ತ್‌ಡೇಗೆ, ಹಬ್ಬಕ್ಕ ಬಣ್ಣಬಣ್ಣದ ಥೀಮ್ ಕುಕೀಸ್ ಆರ್ಡರ್ ಮಾಡೋರಿದ್ರ, ಅದರಾಗೂ ಮನ್ಯಾಗ ತತ್ತಿ ತಿನ್ನದವರು ಇದ್ರ, ರೊಕ್ಕ ಹಾಕೋಕಿಂತ ಮೊದ್ಲ ಇದನ್ನ ಒಂಚೂರು ಓದ್ರಿ. ಉದ್ದ ಆಗೈತಿ, ಆದ್ರೂ ಓದ್ರಿ.

ನಮ್ದು ಕೊಪ್ಪಳ. ಮಗಳ ಬರ್ತ್‌ಡೇ ಜನವರಿಯಾಗ, ಗವಿಮಠದ ಜಾತ್ರಿ ಆಸುಪಾಸ ಬರ್ತೈತಿ, ಅದಕ್ಕ ಈ ಸಲ ಕಾರ್ಟೂನು ಗೀರ್ಟೂನು ಬ್ಯಾಡ, ಜಾತ್ರಿ ಥೀಮೇ ಮಾಡೋಣು ಅಂತ ನಮ್ಮ ನಾದಿನಿ ಐಡಿಯಾ ಕೊಟ್ಳು. ತೇರು, ಕಿನ್ನಾಳ ಗೊಂಬಿಯಂಥಾ ಕುದುರಿ, ಆನಿ, ಗಿಳಿ, ಕೆಳಗ ಬರೋ ಹುಡುಗ್ರ ಹೆಸರು. ಇನ್‌ಸ್ಟಾದಾಗ ಮನಿಯಿಂದ್ಲೇ ಬೇಕಿಂಗ್ ಮಾಡೋ ಒಬ್ಬಾಕಿ ಸಿಕ್ಳು. ಹೆಸರು ಹೇಳಂಗಿಲ್ಲ, ಹೇಳಿ ಉಪಯೋಗನೂ ಇಲ್ಲ, ಹಿಂಗ ಮಾಡೋರು ಆಕಿ ಒಬ್ಬಾಕೀನೇ ಅಲ್ಲ. ಒಂದು ಕುಕಿಗೆ 120 ರೂಪಾಯಿ, ಪೂರಾ ರೊಕ್ಕ ಮೊದ್ಲ. "ಎಗ್‌ಲೆಸ್ ಹೌದಿಲ್ರಿ?" ಅಂತ ವಾಟ್ಸಾಪ್‌ನಾಗ ಕೇಳಿದ್ನಿ, "ಪೂರ್ತಿ ಎಗ್‌ಲೆಸ್ ಅಕ್ಕಾ, ಪ್ಯೂರ್ ವೆಜ್" ಅಂತ ಹಸಿರು ಹಾರ್ಟ್ ಹಾಕಿ ಕಳಿಸಿದ್ಳು. ಆ ಮೆಸೇಜ್ ಇನ್ನೂ ಐತಿ ನನ್ನ ಫೋನ್‌ನಾಗ.

ಬಾಕ್ಸ್ ಬಂತು. ಕೈಚಳಕಕ್ಕ ಹೆಸರಿಡಂಗಿಲ್ರಿ, ಕುದುರಿ ಜೀನಿನ ಮ್ಯಾಲಿನ ಚುಕ್ಕಿನೂ ಒಂದೊಂದು ಬಿಡಿಬಿಡಿ ಇಟ್ಟಿದ್ಳು, ತೇರಿನ ಕಳಸಕ್ಕ ಬಂಗಾರದ ಬಣ್ಣ ಹಚ್ಚಿ ಫಳಫಳ ಅನ್ನಂಗ ಮಾಡಿದ್ಳು. ಆದ್ರ ಕೆಂಪು ಬಣ್ಣ ಬಿಳಿಯೊಳಗ ಇಳಿದು ಕೆಲವು ಆನಿ ಗುಲಾಬಿ ಆಗಿದ್ದವು, ಐಸಿಂಗ್ ಮ್ಯಾಲೆ ಬೆರಳಿಟ್ರ ಅಂಟತಿತ್ತು. ರಾಯಲ್ ಐಸಿಂಗ್, ಅಂದ್ರ ಕುಕಿ ಮ್ಯಾಲೆ ಹಚ್ಚೋ ಗಟ್ಟಿ ಸಕ್ರಿ ಲೇಪ, ಪೂರ್ತಿ ಒಣಗಿದ್ರ ಬತ್ತಾಸಿನಂಗ ಕಟ್ ಅಂತ ಮುರೀಬೇಕು. ಅದು ಒಣಗೋದು ಗಾಳಿಗೆ, ರಾತ್ರಿಯೆಲ್ಲ ಹಂಗೇ ಬಿಚ್ಚಿ ಇಡಬೇಕಾಗ್ತೈತಿ. ನಮ್ಮ ಕಡೆ ಜನವರಿ ಹವಾ ಅಷ್ಟು ಒಣ ಇದ್ರೂ ಆಕಿ ಅವಸರಕ್ಕ ಫ್ರಿಡ್ಜ್‌ನಾಗ ಇಟ್ಟಾಳ. ಹೊರಗ ತೆಗೆದಕೂಡ್ಲೇ ಮ್ಯಾಲೆ ನೀರು ಹನಿಗಟ್ಟತೈತಿ, ಆವಾಗ ಕೆಂಪು, ಕರಿ, ನೀಲಿಯಂಥಾ ಗಾಢ ಬಣ್ಣ ಪಕ್ಕದ ಬಿಳಿಗೆ ಹರೀತಾವು. ಇರ್ಲಿ, ಅದೇನ್ ದೊಡ್ಡ ಮಾತಲ್ಲ, ಹುಡುಗ್ರು ಗುಲಾಬಿ ಆನಿಗೂ ಜಗಳಾಡಿದ್ರು.

ದೊಡ್ಡ ಮಾತು ಆಮ್ಯಾಲಿಂದು. ಸಂಜಿಗೆ ಹುಡುಗ್ರು ತಿಂದು ಕೈ ತೊಳ್ಕೊಂಡು ಬಂದ್ರು, ಸೋಪ್ ಹಚ್ಚಿ ತೊಳೆದ್ರೂ ಬೆರಳ ಸಂದ್ಯಾಗ, ಉಗುರಾಗ ಆ ಬಂಗಾರದ ಪುಡಿ ಹಂಗೇ ಮಿಂಚಾಕತ್ತಿತ್ತು, ಒಂದು ಹುಡುಗನ ತುಟಿ ಮ್ಯಾಲೂ ಇತ್ತು. ನನಗ್ಯಾಕೋ ಸರಿ ಅನಿಸ್ಲಿಲ್ಲ. ಕಳಸಕ್ಕ ಹಚ್ಚಿದ್ದೇನ್ರಿ ಅಂತ ಆಕಿಗೆ ಮೆಸೇಜ್ ಹಾಕಿದ್ನಿ. ಆಕಿ ನನ್ನ ಸಮಾಧಾನಕ್ಕ ಅಂತ ತಾನು ಕೆಲಸ ಮಾಡೋ ಟೇಬಲ್ಲಿನ ಫೋಟೋನೇ ಕಳಿಸಿದ್ಳು, "ನೋಡ್ರಿ ಅಕ್ಕಾ ಎಲ್ಲಾ ಬ್ರ್ಯಾಂಡೆಡ್ ಐಟಮ್ಸ್" ಅಂತ. ಝೂಮ್ ಮಾಡಿದ್ನಿ. ಹೆಬ್ಬೆರಳಷ್ಟು ಡಬ್ಬಿ, ಅದರ ಮ್ಯಾಲೆ ಇರುವಿ ಗಾತ್ರದ ಇಂಗ್ಲಿಷ್ ಅಕ್ಷರದಾಗ ನಾನ್ ಟಾಕ್ಸಿಕ್, ಫಾರ್ ಡೆಕೊರೇಷನ್ ಓನ್ಲಿ. ಎಡಿಬಲ್, ಅಂದ್ರ ತಿನ್ನಾಕ ಬರ್ತೈತಿ ಅನ್ನೋದು ಎಲ್ಲೂ ಇಲ್ಲ, ಒಳಗೇನೈತಿ ಅನ್ನೋ ಪಟ್ಟಿ ಇಲ್ಲ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರೂ ಇಲ್ಲ. ಅದರ ಬಾಜೂಕ ಮೆರಾಂಗ್ ಪೌಡರ್ ಪ್ಯಾಕೆಟ್, ಮೂಲ್ಯಾಗ ಕಂದು ಬಣ್ಣದ ತ್ರಿಕೋನ.

ಮೆರಾಂಗ್ ಪೌಡರ್ ಅಂದ್ರ ಒಣಗಿಸಿದ ತತ್ತಿಯ ಬಿಳಿ ಭಾಗದ ಪುಡಿ ರೀ, ಅದಕ್ಕ ಸಕ್ರಿ, ಕಾರ್ನ್ ಸ್ಟಾರ್ಚ್, ಅಂಟು ಸೇರಿಸಿರ್ತಾರ. ರಾಯಲ್ ಐಸಿಂಗ್‌ಗೆ ಆ ಗಟ್ಟಿತನ ಬರೋದೇ ಅದರಿಂದ, ಇಲ್ಲಾ ಹಸಿ ತತ್ತಿ ಬಿಳಿಯಿಂದ. ನಮ್ಮ ದೇಶದ ಲೇಬಲ್ ಕಾನೂನಿನಾಗ ತತ್ತಿ ಇದ್ರ ಅದು ನಾನ್‌ವೆಜ್ ಲೆಕ್ಕಕ್ಕೇ ಬರ್ತೈತಿ, ಕಂದು ತ್ರಿಕೋನ ಹಾಕಿದ್ದು ಅದಕ್ಕೇ. ಅಂದ್ರ ಬಿಸ್ಕಿಟ್ ಮೈದಾ ಬೆಣ್ಣಿದು, ಎಗ್‌ಲೆಸ್ ಖರೇ, ಮ್ಯಾಲಿನ ಅಂಗಿ ಮಾತ್ರ ಪೂರಾ ತತ್ತಿದು. ನಮ್ಮ ಅತ್ತಿ ಲಿಂಗಾ ಕಟ್ಟಿದಾಕಿ, ತತ್ತಿ ಹಾಕಿದ ಕೇಕಿನ ಬಾಕ್ಸ್ ಮನ್ಯಾಗ ಬಂದ್ರೂ ಆ ಕಡೆ ಸುಳಿಯಂಗಿಲ್ಲ. ಮೊಮ್ಮಗಳು ತಾನೇ ಕೈಯಾರೆ ಬಾಯಿಗಿಟ್ಳು ಅಂತ ಅರ್ಧ ತೇರು ತಿಂದಿದ್ರು. ಮುಚ್ಚಿಡೋದು ನನಗ ಆಗ್ಲಿಲ್ಲ, ಹೇಳಿದ್ನಿ. ಬೈಲಿಲ್ಲ. "ಮೊದ್ಲ ಹೇಳಿದ್ರ ನಾನ ಬ್ಯಾಡ ಅಂತಿದ್ನೆಲ್ಲವಾ" ಅಂದ್ರು, ಎದ್ದು ಬಾಯಿ ಮುಕ್ಕಳಿಸಾಕ ಹೋದ್ರು. ಆ ರಾತ್ರಿ ಊಟ ಮಾಡ್ಲಿಲ್ಲ.

ಆಕಿಗೆ ಫೋನ್ ಮಾಡಿದ್ರ ಏನಂದ್ಳು ಗೊತ್ತೇನ್ರಿ? "ಅಕ್ಕಾ ನೀವು ಕುಕಿ ಎಗ್‌ಲೆಸ್ ಏನು ಅಂತ ಕೇಳಿದ್ರಿ, ಕುಕಿ ಎಗ್‌ಲೆಸ್ಸೇ ಐತಿ. ಅದು ಪೌಡರ್, ತತ್ತಿ ಅಲ್ಲ." ಹಾಲಿನ ಪುಡಿ ಹಾಲಲ್ಲ ಅಂತಾಳೇನು ಈಕಿ! ಬಂಗಾರದ ಪುಡಿ ಕೇಳಿದ್ರ "ನಾನ್ ಟಾಕ್ಸಿಕ್ ಐತಲ್ರಿ, ವಿಷ ಅಲ್ಲ, ಎಲ್ಲಾರೂ ಹಾಕ್ತಾರ" ಅಂದ್ಳು.

ಇಲ್ಲೇ ಬಾಳ ಮಂದಿ ಮೋಸ ಹೋಗೋದು. ನಾನ್ ಟಾಕ್ಸಿಕ್ ಅಂತ ಹುಡುಗ್ರ ಕ್ರೆಯಾನ್ ಮ್ಯಾಲೂ ಬರೆದಿರ್ತೈತಿ, ಹಂಗಂತ ಕ್ರೆಯಾನ್ ತಿನ್ನಿಸ್ತೀವೇನು? ಅಂಥಾ ಡಸ್ಟು, ಗ್ಲಿಟರು ಕೇಕಿನ ಮ್ಯಾಲಿನ ಗೊಂಬಿಗೆ, ಕಿತ್ತು ಬಿಸಾಕೋ ಹೂವಿಗೆ ಹಚ್ಚೋಕ ಇರ್ತಾವು. ಕೆಲವು ಗ್ಲಿಟರ್ ಬರೇ ಪ್ಲಾಸ್ಟಿಕ್. ಕೆಲವು ಪುಡ್ಯಾಗ ಲೋಹ ಇರ್ತೈತಿ. ಅಮೆರಿಕದ ರೋಡ್ ಐಲೆಂಡ್‌ನಾಗ 2018ರಾಗ ಒಂದು ಬರ್ತ್‌ಡೇ ಕೇಕಿಗೆ ರೋಸ್ ಗೋಲ್ಡ್ ಡಸ್ಟ್ ಹಚ್ಚಿದ್ರು, ತಿಂದ 6 ಮಕ್ಳಿಗೆ ವಾಂತಿ ಭೇದಿ ಹತ್ತಿತು, ತಪಾಸಣಿ ಮಾಡಿದ್ರ ಅದರಾಗ ತಾಮ್ರ ಇತ್ತು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಾಗ ಇದನ್ನ ರಿಪೋರ್ಟ್ ಮಾಡೈತಿ, ಡಬ್ಬಿ ಮ್ಯಾಲೆ ನಾನ್ ಟಾಕ್ಸಿಕ್ ಅಂತಿದ್ರ ಅದು ತಿನ್ನೋದು ಅಂತಲ್ಲ ಅಂತ ಅಲ್ಲಿನವರೂ ಹೇಳ್ಯಾರ. ನಮ್ಮಲ್ಲೂ 2024ರ ಮಾರ್ಚ್‌ನಾಗ ಸರ್ಕಾರ ಕಾಟನ್ ಕ್ಯಾಂಡಿಗೆ ಹಾಕೋ ರೋಡಮೈನ್-ಬಿ ಬಂದ್ ಮಾಡ್ತು, ಅದು ಬಟ್ಟಿಗೆ ಹಾಕೋ ಬಣ್ಣ. ಗೋಬಿ ಮಂಚೂರಿ ಕೃತಕ ಬಣ್ಣಕ್ಕೂ ಅವತ್ತೇ ಬ್ಯಾನ್ ಬಿತ್ತು. ಗಾಡಿ ಮ್ಯಾಲಿನ ಗೋಬಿಗೆ ಎಲ್ಲಾರೂ ಹೆದರ್ತಾರ, ರಿಬ್ಬನ್ ಕಟ್ಟಿದ ಬಾಕ್ಸಿಗೆ ಯಾರೂ ಹೆದರಂಗಿಲ್ಲ.

ನಮ್ಮ ಹುಡುಗ್ರಾಗ ಒಂದು ಪಾಪು ರಾತ್ರಿ ವಾಂತಿ ಮಾಡ್ಕೊಂತು. ಆ ಪುಡಿಯಿಂದ್ಲೇ ಅಂತ ನಾ ಹೇಳಂಗಿಲ್ಲ, ಅವತ್ತು ಸಮೋಸಾ, ಕೋಲ್ಡ್ರಿಂಕ್ಸು ಎಲ್ಲಾ ತಿಂದಿದ್ವು, ಡಾಕ್ಟ್ರೂ ಅದರಿಂದ್ಲೇ ಅಂತ ಹೇಳಾಕ ಬರಂಗಿಲ್ಲ ಅಂದ್ರು. ಆದ್ರ ಅವರವ್ವಗ ಫೋನ್ ಹಚ್ಚಿ ಡಬ್ಬಿ ಮ್ಯಾಲೆ ಹಿಂಗಿಂಗ ಬರೆದೈತಿ ಅಂತ ನಾನ ಹೇಳಬೇಕಾತು.

ಈಗ ನಾ ಏನ್ ಕೇಳ್ತೀನಿ ಅಂದ್ರ, ಡಿಸೈನ್ ಮಾತು ಆಮ್ಯಾಲೆ, ಮೊದ್ಲ ಐಸಿಂಗ್ ಯಾವುದರಿಂದ ಮಾಡ್ತೀರಿ ಅಂತ ಬರೆದು ಕಳಿಸ್ರಿ ಅಂತೀನಿ. ತತ್ತಿ ಇಲ್ಲದಂಗೂ ಮಾಡಾಕ ಬರ್ತೈತಿ. ಐಸಿಂಗ್ ಶುಗರ್, ಹಾಲು, ಕಾರ್ನ್ ಸಿರಪ್ ಕಲಸಿ ಗ್ಲೇಜ್ ಮಾಡ್ತಾರ, ಕಾಬೂಲಿ ಕಡ್ಲಿ ಕುದಿಸಿದ ನೀರು ನೊರಿ ಬರಂಗ ಬಡಿದು ರಾಯಲ್ ಐಸಿಂಗೂ ಮಾಡ್ತಾರ. ಗ್ಲೇಜ್ ಅಷ್ಟು ಗಟ್ಟಿ ಆಗಂಗಿಲ್ಲ, ಸಣ್ಣ ಗೆರಿ ಅಷ್ಟು ನೀಟ್ ಬರಂಗಿಲ್ಲ, ನಡೀತೈತಿ ಬಿಡ್ರಿ. ಮಾರ್ಷ್‌ಮ್ಯಾಲೋ ಅಥವಾ ಫಾಂಡಂಟ್ (ಹಿಟ್ಟಿನಂಗ ಲಟ್ಟಿಸೋ ಸಕ್ರಿ ಮುದ್ದಿ) ಅಂಟಿಸ್ತೀವಿ ಅಂದ್ರ ಅದರಾಗ ಜೆಲಟಿನ್ ಐತೇನು ಅಂತನೂ ಕೇಳ್ರಿ, ಅದು ದನ ಹಂದಿ ಎಲುಬು ಚರ್ಮದಿಂದ ತೆಗೆಯೋದು. ಮಿಂಚೋದು ಏನೇ ಹಚ್ಚಿದ್ರೂ ಡಬ್ಬಿ ಹಿಂದಿನ ಲೇಬಲ್ ಫೋಟೋ ತರಿಸ್ಕೊಳ್ರಿ: ಎಡಿಬಲ್ ಅಂತ ಬರೆದಿರಬೇಕು, ಒಳಗಿನ ಪದಾರ್ಥಗಳ ಪಟ್ಟಿ ಇರಬೇಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಮನಿಯಿಂದ ಮಾಡಿ ಮಾರೋರಿಗೂ ಆ ರಿಜಿಸ್ಟ್ರೇಷನ್ ಬೇಕೇ ಬೇಕು, ಕೇಳಿದ್ರ ಸಿಟ್ಟಾಗೋರ ಹತ್ರ ತಗೋಬ್ಯಾಡ್ರಿ. ಕಡು ಕೆಂಪು, ಕರಿ ಬಣ್ಣ ತುಂಬಿದ ಡಿಸೈನ್ ನಾ ಅಂತೂ ಬ್ಯಾಡ ಅಂತೀನಿ, ಆ ಗಾಢ ಬರಬೇಕಂದ್ರ ಬಾಳ ಬಣ್ಣ ಸುರೀಬೇಕಾಗ್ತೈತಿ, ರುಚಿನೂ ಕಹಿ ಹೊಡೀತೈತಿ.

ರೊಕ್ಕದ್ದು ಹೇಳಬೇಕಂದ್ರ, ಆ ಪ್ಯೂರ್ ವೆಜ್ ಮೆಸೇಜ್, ಟೇಬಲ್ ಫೋಟೋ ಎರಡೂ ಇಟ್ಕೊಂಡು 1915 ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡ್ತೀನಿ ಅಂದ ಮ್ಯಾಲೆ ಅರ್ಧ ವಾಪಸ್ ಹಾಕಿದ್ಳು, ಉಳಿದಿದ್ದು ಇನ್ನೂ ಇಲ್ಲ. ಇನ್‌ಸ್ಟಾದಾಗ ನನ್ನ ಬ್ಲಾಕ್ ಮಾಡ್ಯಾಳ. ನಾದಿನಿ ಅಕೌಂಟ್‌ನಿಂದ ನೋಡಿದ್ರ ನಮ್ಮ ತೇರಿನ ಫೋಟೋನೇ ಈಗ ಆಕಿ ಪೇಜಿನ ಮ್ಯಾಲ ಪಿನ್ ಆಗೈತಿ, ಕೆಳಗ ಎಗ್‌ಲೆಸ್ ಅಂತ ಬರ್ದಾಳ. ಅದಕ್ಕ ಇಷ್ಟೆಲ್ಲಾ ಟೈಪ್ ಮಾಡಿದ್ದು. ಕೊಪ್ಪಳ, ಗಂಗಾವತಿ ಕಡೆ ಖರೇನೇ ತತ್ತಿ ಇಲ್ಲದ ಐಸಿಂಗ್ ಮಾಡೋರು ಯಾರರ ಇದ್ರ ತಿಳಿಸ್ರಿ, ನಾದಿನಿ ಮಗನ ಬರ್ತ್‌ಡೇ ಯುಗಾದಿ ಮುಂದ ಐತಿ, ಅವನಿಗೆ ಟ್ರ್ಯಾಕ್ಟರ್ ಬೇಕಂತ.