ಸೀರೆ ಕೊಳ್ಳೋಕೆ ಯಾವುದು ವಾಸಿ: ಇನ್‌ಸ್ಟಾಗ್ರಾಮಾ, ಯೂಟ್ಯೂಬಾ, ಫೇಸ್‌ಬುಕ್ಕಾ, ವಾಟ್ಸಾಪ್ ಸ್ಟೇಟಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟ್ಸಾಪ್ ಸ್ಟೇಟಸ್‌ಗೆ. ಅದೂ ಯಾರದೋ ಸ್ಟೇಟಸ್ ಅಲ್ಲ. ಇಲ್ಲೇ ನಮ್ಮ ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆಯಲ್ಲೇ ಸೀರೆ ಮಾರುವ ಒಬ್ಬ ಅಕ್ಕನ ಸ್ಟೇಟಸ್. ಮಿಕ್ಕ ಮೂರು ಕಡೆಯೂ ಕೊಂಡು ನೋಡಿದ್ದೇನೆ. ಒಂದು ಕಡೆ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ.

ನನ್ನ ಸೀರೆ ಬಜೆಟ್ ಒಂದು ಸಾವಿರದಿಂದ ಎರಡೂವರೆ ಸಾವಿರ. ಸ್ಕೂಲಿಗೆ ಉಟ್ಟು ಹೋಗಬೇಕು, ನೆಂಟರ ಮನೆ ಗೃಹಪ್ರವೇಶಕ್ಕೂ ನಡೆಯಬೇಕು. ಧಾರೆ ಸೀರೆ ಹುಡುಕುತ್ತಿರುವವರು ಸುಮ್ನೆ ಎಂ.ಜಿ. ರಸ್ತೆಗೆ ಹೋಗಿ, ಅಂಗಡಿಯಲ್ಲಿ ಕೂತು, ಮುಟ್ಟಿ ನೋಡಿ ತಗೊಳ್ಳಿ. ಅಷ್ಟು ದುಡ್ಡನ್ನು ಫೋನ್ ನಂಬಿ ಕೊಡಬೇಡಿ.

ನೋಡೋದಕ್ಕೆ ಇನ್‌ಸ್ಟಾಗ್ರಾಮ್‌ನಷ್ಟು ಚೆಂದ ಯಾವುದೂ ಇಲ್ಲ. 2020ರ ಜೂನ್ ಕೊನೆಯಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಂತಿತು, ಜುಲೈನಲ್ಲಿ ರೀಲ್ಸ್ ಬಂತು. ಅಲ್ಲಿಂದ ಸೀರೆ ಮಾರುವವರೆಲ್ಲ ಅಲ್ಲೇ ಬೀಡುಬಿಟ್ಟಿದ್ದಾರೆ. ರಾತ್ರಿ ಕಟ್ಟೆ ಒರೆಸಿ, ಹತ್ತು ನಿಮಿಷ ನೋಡೋಣ ಅಂತ ಕೂತರೆ ಗಂಟೆ ಹನ್ನೊಂದೂವರೆ. ಒಂದು ಗಿಣಿಹಸಿರು ಸೀರೆ ಮೇಲೆ ಬೆರಳು ಸ್ವಲ್ಪ ನಿಂತರೆ ಸಾಕು, ಆಮೇಲೆ ವಾರವೆಲ್ಲ ಗಿಣಿಹಸಿರೇ. ಫೋನ್ ಕೆಳಗಿಟ್ಟ ಮೇಲೆ ಖುಷಿಗಿಂತ, ನನ್ನ ಹತ್ತಿರ ಏನೂ ಇಲ್ಲ ಅನ್ನೋ ಬೇಜಾರೇ ಜಾಸ್ತಿ. ಬೀರು ತೆಗೆದರೆ ಬಾಗಿಲು ಮತ್ತೆ ಹಾಕೋಕೆ ಆಗಲ್ಲ, ಅಷ್ಟು ಸೀರೆ ಇವೆ.

ಬೆಲೆ ಬರೆಯುವುದಿಲ್ಲ, ಅದೊಂದು ಕಿರಿಕಿರಿ. ಕೆಳಗೆ ನೂರು ಜನ ‘ಪ್ರೈಸ್ ಪ್ಲೀಸ್’ ಅಂದರೆ ನೂರು ಜನಕ್ಕೂ ‘ಡಿಎಂ ಮಾಡಿದ್ದೀವಿ ಡಿಯರ್’ ಅನ್ನೋ ಉತ್ತರ, ಅಂದರೆ ಬೆಲೆ ಬೇರೆಯಾಗಿ ಮೆಸೇಜ್‌ನಲ್ಲಿ. ಅದನ್ನಾದರೂ ಸಹಿಸಬಹುದು. ಸಹಿಸೋಕಾಗದ್ದು ಓಪನಿಂಗ್ ವಿಡಿಯೋ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದುಡ್ಡು ಕಳಿಸುವ ಮುಂಚೆ ಒಂದು ಮೆಸೇಜ್ ಬರುತ್ತದೆ. ಸಿಒಡಿ, ಅಂದರೆ ಪಾರ್ಸಲ್ ಬಂದ ಮೇಲೆ ದುಡ್ಡು ಕೊಡೋದು, ಇಲ್ಲ. ರಿಟರ್ನ್ ಇಲ್ಲ. ಡ್ಯಾಮೇಜ್ ಇದ್ದರೆ ಪಾರ್ಸಲ್ ಬಿಚ್ಚುವ ವಿಡಿಯೋ ಕಡ್ಡಾಯ, ಮಧ್ಯೆ ಎಲ್ಲೂ ನಿಲ್ಲಿಸಬಾರದು, ಕಟ್ ಮಾಡಬಾರದು. ಓದುವಾಗ ಇದೇನು ಮಹಾ ಅನ್ನಿಸುತ್ತದೆ. ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಕತ್ತರಿ. ಮೊದಲು ಅಡ್ರೆಸ್ ಚೀಟಿ ಕಾಣಬೇಕು. ಆಮೇಲೆ ಪಾರ್ಸಲ್ಲನ್ನು ಆ ಕಡೆ ಈ ಕಡೆ ತಿರುಗಿಸಿ ಟೇಪ್ ಒಡೆದಿಲ್ಲ ಅಂತ ತೋರಿಸಬೇಕು. ಅದರ ಮೇಲೋ ಕಂದು ಟೇಪು, ಸುತ್ತಿ ಸುತ್ತಿ ಸುತ್ತಿದ್ದಾರೆ. ಅದನ್ನು ಒಂದೇ ಕೈಯಲ್ಲಿ ಕತ್ತರಿಸಿ, ಒಳಗಿನ ಕವರ್ ಹರಿದು, ಐದೂವರೆ ಮೀಟರ್ ಸೀರೆಯನ್ನು ಮಡಿಕೆ ಮಡಿಕೆಯಾಗಿ ದಿವಾನದ ಮೇಲೆ ಬಿಡಿಸುತ್ತಾ ಹೋಗಬೇಕು. ಫೋನ್ ಅಲ್ಲಾಡಿದರೆ ‘ಕ್ಲಿಯರ್ ಇಲ್ಲ’ ಅಂತಾರೆ.

ನಾನು ಇಷ್ಟನ್ನೂ ಮಾಡಿದೆ. ಸಾವಿರದ ಎಂಟುನೂರೈವತ್ತು ರೂಪಾಯಿ ಸೀರೆ ಅಲ್ವಾ, ಮಾಡಲೇಬೇಕು. ಅರ್ಧ ಬಿಡಿಸಿದ್ದೆ, ಗ್ಯಾಸ್ ತರುವವರ ಫೋನ್ ಬಂತು. ‘ಸಿಲಿಂಡರ್ ತಂದಿದ್ದೀನಿ ಮೇಡಂ, ಮನೇಲಿದ್ದೀರಾ?’ ರೆಕಾರ್ಡಿಂಗ್ ನಿಂತುಹೋಯಿತು. ಮತ್ತೆ ಆನ್ ಮಾಡಿ ಬಿಡಿಸಿದರೆ ಸೆರಗಿನ ಹತ್ತಿರ ಎಳೆ ಕಿತ್ತಿದೆ, ಕಿರುಬೆರಳು ತೂರುವಷ್ಟು. ಎರಡೂ ವಿಡಿಯೋ ಕಳಿಸಿದೆ. ‘ವಿಡಿಯೋ ಎರಡು ಪಾರ್ಟ್ ಇದೆ ಮೇಡಂ, ಪಾಲಿಸಿ ಪ್ರಕಾರ ಆಗಲ್ಲ’ ಅಂತ ಉತ್ತರ ಬಂತು. ದುಡ್ಡು ಹೋಗುವ ತನಕ ನಾನು ಡಿಯರ್, ಹೋದ ಮೇಲೆ ಮೇಡಂ. ಇನ್ನೆರಡು ಸಲ ಕೇಳಿದ್ದಕ್ಕೆ ಬ್ಲಾಕ್ ಮಾಡಿದರು.

ಕಾನೂನು ನಮ್ಮ ಕಡೆಗೇ ಇದೆ. ಕೆಟ್ಟ ಮಾಲನ್ನು ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು ವ್ಯಾಪಾರ. ಬಿಲ್ಲಿನಲ್ಲಿ ವಾಪಸ್ ತಗೊಳ್ಳುವ ಅವಧಿ ಬರೆದಿಲ್ಲದಿದ್ದರೆ 30 ದಿನ ಅಂತ ಲೆಕ್ಕ. ಆನ್‌ಲೈನ್‌ನಲ್ಲಿ ಅಂಗಡಿ ನಡೆಸುವವರು ಹೆಸರು, ವಿಳಾಸ, ದೂರು ಕೇಳುವವರ ವಿವರ ಎಲ್ಲ ಹಾಕಬೇಕು ಅಂತ 2020ರ ನಿಯಮವೂ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಯಾರ ಮೇಲೆ ದೂರು ಅಂತ ಹೇಳಬೇಕಲ್ವಾ? ನನ್ನ ಹತ್ತಿರ ಇದ್ದದ್ದು ಒಂದು ಪೇಜಿನ ಹೆಸರು, ಅದರಲ್ಲಿ ಎರಡು ಹೃದಯದ ಚಿತ್ರ. ಪಾರ್ಸಲ್ ಮೇಲೆ ಕಳಿಸಿದವರ ಜಾಗದಲ್ಲಿ ಊರಿನ ಹೆಸರು ಮತ್ತು ಒಂದು ಮೊಬೈಲ್ ನಂಬರ್, ಅಷ್ಟೇ.

ಅದು ‘ಸಾಫ್ಟ್ ಸಿಲ್ಕ್’ ಅಂತ ಕೊಟ್ಟ ಸೀರೆ. ಕಿತ್ತ ಎಳೆ ಹೇಗೂ ಕೈಗೆ ಬಂದಿತ್ತು, ಒಲೆ ಹಚ್ಚಿ ಒಂದು ಎಳೆ ಹಿಡಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಇದು ಕರಗಿ, ಸುರುಟಿ, ಗಟ್ಟಿ ಮಣಿಯಾಯಿತು. ಅಸಲಿ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಇಲ್ಲದೆ ಯಾರಾದರೂ ಸಿಲ್ಕ್ ಅಂದರೆ ಈಗ ನಾನು ಪಾಲಿಯೆಸ್ಟರ್ ಅಂತಲೇ ಲೆಕ್ಕ ಹಾಕಿ ಬೆಲೆ ಕೇಳುತ್ತೇನೆ.

ಇನ್‌ಸ್ಟಾಗ್ರಾಮ್‌ನಲ್ಲೇ ಕೊಳ್ಳುತ್ತೀನಿ ಅನ್ನುವವರು ಒಂದು ಕೆಲಸ ಮಾಡಿ. ಪೇಜಿನ ಮೂಲೆಯ ಮೂರು ಚುಕ್ಕಿ ಒತ್ತಿ ‘ಅಬೌಟ್ ದಿಸ್ ಅಕೌಂಟ್’ ನೋಡಿ. ಯಾವಾಗ ಶುರುವಾದ ಪೇಜು ಅಂತ ತೋರಿಸುತ್ತದೆ. ಹೆಸರು ಬದಲಾಯಿಸಿದ್ದರೆ ಅದನ್ನೂ ಅಲ್ಲೇ ನೋಡಬಹುದು. ಮೊನ್ನೆ ಮೊನ್ನೆ ಶುರುವಾದ, ಮೇಲಿಂದ ಮೇಲೆ ಹೆಸರು ಬದಲಾಯಿಸಿದ ಪೇಜಾದರೆ ಮುಂದೆ ಹೋಗಿ.

ಯೂಟ್ಯೂಬ್ ಪರವಾಗಿಲ್ಲ. ಚಿಕ್ಕಪೇಟೆಯ ಅಂಗಡಿಯವರು, ನಮ್ಮೂರಿನ ಚಿಕ್ಕಪೇಟೆ ಅಲ್ಲ, ಬೆಂಗಳೂರಿನದು, ಅರ್ಧ ಗಂಟೆ ಒಂದೊಂದೇ ಸೀರೆ ಬಿಡಿಸಿ ಅಂಚು, ಸೆರಗು, ಬ್ಲೌಸ್ ಪೀಸ್ ತೋರಿಸುತ್ತಾರೆ. ಬೆಲೆ ಬಾಯಿಬಿಟ್ಟು ಹೇಳುತ್ತಾರೆ. ಅಂಗಡಿ ಎಲ್ಲಿದೆ ಅಂತಲೂ ಹೇಳುತ್ತಾರೆ, ಅದೇ ಒಂದು ಧೈರ್ಯ. ತರಿಸಿದ ಸೀರೆ ಬಣ್ಣ ಸ್ವಲ್ಪ ಮಂಕು ಅನ್ನೋದು ಬಿಟ್ಟರೆ ಚೆನ್ನಾಗಿಯೇ ಇತ್ತು. ಆದರೆ ಸ್ಕ್ರೀನ್‌ಶಾಟ್ ಕಳಿಸುವ ಹೊತ್ತಿಗೆ ನಾವು ಮೆಚ್ಚಿದ್ದು ಖಾಲಿ. ಕೆಲವರು ಮೂರು ಪೀಸಿಗೆ ಕಮ್ಮಿ ಕೊಡಲ್ಲ. ನೇರ ಹೋಗಿ ತರೋಣ ಅಂದರೆ ಎಪ್ಪತ್ತು ಕಿಲೋಮೀಟರ್. ಸೀರೆಯಲ್ಲಿ ಉಳಿದ ದುಡ್ಡು ಹೋಟೆಲಿಗೂ ಆಟೋಗೂ ಸರಿಹೋಗುತ್ತದೆ.

‘ನಾನೇ ಹುಡುಕಿಕೊಂಡು ಹೋಗಿದ್ದೆ ಫ್ರೆಂಡ್ಸ್’ ಅಂತ ವಾರವಾರವೂ ಒಂದೇ ಅಂಗಡಿ ತೋರಿಸುವವರ ಬಗ್ಗೆ ಹುಷಾರು. ದುಡ್ಡೋ ಉಡುಗೊರೆಯೋ ತಗೊಂಡಿದ್ದರೆ ಹಾಗಂತ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಎಷ್ಟು ಜನ ಹೇಳುತ್ತಾರೆ, ನೀವೇ ನೋಡಿದ್ದೀರಿ. 2021ರ ನವೆಂಬರ್‌ನಿಂದ ಡಿಸ್‌ಲೈಕ್ ಎಣಿಕೆಯೂ ನಮಗೆ ಕಾಣಲ್ಲ. ಆದರೂ ಯೂಟ್ಯೂಬ್ ನೋಡಿ ಎದ್ದಾಗ ಬೇಜಾರಾಗಲ್ಲ. ಸೀರೆಗೆ ಕುಚ್ಚು ಕಟ್ಟೋದು ಕಲಿತದ್ದು ಅಲ್ಲೇ.

ಫೇಸ್‌ಬುಕ್‌ನಲ್ಲಿ ಒಂದು ಕಾಟನ್ ಸೀರೆ ತಗೊಂಡೆ, ಸರಿಯಾಗಿಯೇ ಬಂತು, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಅದರ ನಿಜವಾದ ಉಪಯೋಗ ಬೇರೆ. ಊರಿನ ಗುಂಪಿನಲ್ಲಿ ‘ಇವರ ಹತ್ತಿರ ತಗೊಂಡವರು ಯಾರಾದರೂ ಇದ್ದೀರಾ’ ಅಂತ ಕೇಳಿ. ಬೈಯುವವರು ಹೆಸರು, ಫೋಟೋ ಸಮೇತ ಬಂದು ಬೈಯುತ್ತಾರೆ.

ಎಲ್ಲಿ ನೋಡಿದರೂ ವ್ಯಾಪಾರ ಮುಗಿಯೋದು ಮಾತ್ರ ವಾಟ್ಸಾಪ್‌ನಲ್ಲೇ. ‘ವಾಟ್ಸಾಪ್ ಮಾಡಿ, ಯುಪಿಐ ಮಾಡಿ, ಸ್ಕ್ರೀನ್‌ಶಾಟ್ ಹಾಕಿ.’ ಇನ್‌ಸ್ಟಾಗ್ರಾಮನ್ನು 2012ರಲ್ಲಿ, ವಾಟ್ಸಾಪನ್ನು 2014ರಲ್ಲಿ ಫೇಸ್‌ಬುಕ್ ಕೊಂಡಾಗಿದೆ, ಮೂರಕ್ಕೂ ಯಜಮಾನರು ಒಬ್ಬರೇ. ಹಾಗಾಗಿ ಆಪ್ ಯಾವುದು ಅಂತ ನಾನು ತಲೆಕೆಡಿಸಿಕೊಳ್ಳೋದು ಬಿಟ್ಟಿದ್ದೇನೆ. ದುಡ್ಡು ಹೋದ ಮೇಲೆ ಹೋಗಿ ಕೇಳೋಕೆ ಒಂದು ಮನೆ ಇದೆಯಾ ಅಂತ ನೋಡುತ್ತೇನೆ.

ಕ್ಯಾತ್ಸಂದ್ರದ ಅಕ್ಕನಿಗೆ ಮನೆ ಇದೆ. ಸೀರೆಯನ್ನು ಗ್ರಿಲ್ ಬಾಗಿಲ ಮೇಲೆ ಹಾಕಿ, ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆಯುತ್ತಾರೆ. ಫಿಲ್ಟರ್ ಇಲ್ಲ. ಬೆಲೆ ಫೋಟೋ ಮೇಲೇ ಇರುತ್ತದೆ. ‘ನೀಲಿದು ಎತ್ತಿಡಿ ಅಕ್ಕ’ ಅಂದರೆ ಆಯಿತು, ಭಾನುವಾರ ತಟ್ಟೆ ಇಡ್ಲಿ ತಿನ್ನೋಕೆ ಆ ಕಡೆ ಹೋದಾಗ ನೋಡಿ ತರುತ್ತೇನೆ. ಒಂದು ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಒದ್ದೆ ಸೀರೆಯನ್ನೇ ಕವರಿಗೆ ಹಾಕಿಕೊಂಡು ಹೋದೆ. ಅಕ್ಕ ಮೂಗು ಮುರಿದರು, ‘ಉಪ್ಪು ನೀರಲ್ಲಿ ನೆನೆಸಿದ್ರಾ?’ ಅಂತ ಎರಡು ಮಾತು ಆಡಿದರು. ಆದರೂ ಬೇರೆ ಸೀರೆ ಕೊಟ್ಟರು. ವಿಡಿಯೋ ಕೇಳಲಿಲ್ಲ.

ಇದರಲ್ಲೂ ಕಾಟ ಇದೆ. ಸ್ಟೇಟಸ್ ಇರೋದು 24 ಗಂಟೆ, ಪರೀಕ್ಷೆ ಪೇಪರ್ ತಿದ್ದುತ್ತಾ ಕೂತರೆ ತಪ್ಪಿಹೋಗುತ್ತದೆ. ಆಯ್ಕೆ ಕಮ್ಮಿ. ನಮ್ಮ ಸ್ಟಾಫ್ ರೂಮಿನವರೆಲ್ಲ ಅವರದೇ ಸ್ಟೇಟಸ್ ನೋಡೋದರಿಂದ ನನ್ನ ಸೀರೆಯ ಬೆಲೆ ನಾನು ಉಡುವ ಮುಂಚೆಯೇ ಎಲ್ಲರಿಗೂ ಗೊತ್ತು. ‘ನಿಮಗೋಸ್ಕರ ಎತ್ತಿಟ್ಟಿದ್ದೆ’ ಅಂದಾಗ ಬೇಡ ಅನ್ನೋಕೆ ಬಾಯಿ ಬರಲ್ಲ, ಈ ದಾಕ್ಷಿಣ್ಯಕ್ಕೆ ದುಡ್ಡು ಹೋಗುತ್ತದೆ. ಅದಕ್ಕೇ ತಿಂಗಳ ಕೊನೆ ವಾರ ಅವರ ಸ್ಟೇಟಸ್ ಮ್ಯೂಟ್ ಮಾಡಿ, ಸಂಬಳ ಬಂದ ಮೇಲೆ ತೆಗೆಯುತ್ತೇನೆ.

ನನ್ನ ತಂಗಿ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಪಕ್ಕದ ಮನೆಯವರ ಹೆಸರೇ ಅವಳಿಗೆ ಗೊತ್ತಿಲ್ಲ, ಇನ್ನು ಸೀರೆ ಮಾರುವ ಅಕ್ಕ ಎಲ್ಲಿ ಸಿಗಬೇಕು? ಅವಳಿಗೆ ಯೂಟ್ಯೂಬ್ ನೋಡು, ಇಷ್ಟವಾದರೆ ಮೆಟ್ರೋ ಹತ್ತಿ ಅಂಗಡಿಗೇ ಹೋಗು ಅಂತ ಹೇಳಿದ್ದೇನೆ.

ಇನ್‌ಸ್ಟಾಗ್ರಾಮ್ ತೆಗೆದುಹಾಕಿಲ್ಲ, ಬ್ಲೌಸ್ ಡಿಸೈನ್ ನೋಡೋಕೆ ಬೇಕು. ಸ್ಕ್ರೀನ್‌ಶಾಟ್ ತಗೊಂಡು ಟೈಲರ್‌ಗೆ ತೋರಿಸಿದರೆ ‘ಇದಕ್ಕೆ ಹೊಲಿಗೆ ಏಳುನೂರು ಆಗುತ್ತೆ ಮೇಡಂ’ ಅಂತಾರೆ. ಹಾಗಾದರೆ ಮಾಮೂಲಿ ಕತ್ತೇ ಇಡಿ ಅಂತ ಹೇಳಿ ಬರುತ್ತೇನೆ.